ಮೂರು ತಿಂಗಳ ಮಟ್ಟಿಗೆ

ಆದೇಶದಲ್ಲಿ ಹಾಗೇ ಇತ್ತು:
‘ಮೂರು ತಿಂಗಳ ಮಟ್ಟಿಗೆ, ಅಥವಾ ಮುಂದಿನ ಆದೇಶದವರೆಗೆ.’
ಕೆಳಗೊಂದು ದುಂಡು ಮೊಹರು,
ಅರ್ಧ ಹಾಳೆಯ ಮೇಲೆ, ಅರ್ಧ ಯಾರದೋ ಮೇಜಿನ ಮೇಲೆ.
ಮಾಡಿದ್ದು ಹನ್ನೊಂದು ತಿಂಗಳು.

ಮುಳಬಾಗಿಲು ತಾಲ್ಲೂಕು, ವಡ್ಡಹಳ್ಳಿ ಮಂಡಿ.
ಬೆಳಗಿನ ಜಾವ ನಾಲ್ಕಕ್ಕೇ ಟೆಂಪೊಗಳ ಸಾಲು.
ಟೊಮೊಟೊ ಬಾಕ್ಸುಗಳ ನಡುವೆ ಒಂದು ಪ್ಲಾಸ್ಟಿಕ್ ಕುರ್ಚಿ,
ನನ್ನ ಐಸ್ ಡಬ್ಬಿ, ನೂರು ಕಡ್ಡಿ,
ಬೆವರಿಗೆ ಮೈಗಂಟಿದ ಬಿಳಿ ಅಂಗಿ.
ಒಮ್ಮೆ ತೊಟ್ಟರೆ ಮಧ್ಯಾಹ್ನದವರೆಗೆ ನೀರಿಲ್ಲ, ಉಚ್ಚೆಯಿಲ್ಲ.
‘ತಲೆ ಎತ್ತಿ ಅಣ್ಣ. ಬಾಯಿ ತೆಗೀರಿ. ಆ ಅನ್ನಿ.’
ಹಮಾಲರು, ಲಾರಿಯ ತಮಿಳಿನವರು, ಲೆಕ್ಕ ಬರೆಯೋ ಹುಡುಗರು,
ಒಬ್ಬೊಬ್ಬರ ಗಂಟಲೂ ನೋಡಿದ್ದೇನೆ:
ಎಲೆಅಡಿಕೆಯ ಗಂಟಲು, ಬೀಡಿಯ ಗಂಟಲು,
ಹೆದರಿ ಒಣಗಿದ ಗಂಟಲು.
ನನ್ನ ಮುಖ ಯಾರೂ ನೋಡಲಿಲ್ಲ.

ಕುರ್ಚಿಯ ಬೆನ್ನಿಗೇ ಹರಾಜು.
ಮುನ್ನೂರು, ಮುನ್ನೂರ ಹತ್ತು, ಮುನ್ನೂರ ಇಪ್ಪತ್ತು,
ಹೆಚ್ಚು ಕೂಗಿದವನಿಗೆ ಹಣ್ಣು.
ನಮ್ಮನ್ನೂ ಕೂಗಿದ್ದರಂತೆ ಎಲ್ಲೋ ಮಹಡಿಯ ಮೇಲೆ,
ಸದ್ದಿಲ್ಲದೆ, ಅಂಟಿಸಿದ ಲಕೋಟೆಗಳಲ್ಲಿ.
ಕಡಿಮೆ ಬರೆದವನಿಗೆ ಸಿಕ್ಕೆವು.

ಜೂನಿನಲ್ಲಿ ತಬಸ್ಸುಮ್‌ಗೆ ಬಂತು.
ಅದೇ ವಾರ ಸುಶೀಲಾ ಮೇಡಂಗೂ.
ಒಂದೇ ವಾರ್ಡು, ಪಕ್ಕಪಕ್ಕದ ಮಂಚ, ಒಂದೇ ಕೆಮ್ಮು.
ಹಾಜರಿ ಪುಸ್ತಕದಲ್ಲಿ ಮೇಡಂಗೆ ಹದಿನೇಳು ದಿನ ‘ವಿಶೇಷ ರಜೆ’,
ತಬಸ್ಸುಮ್‌ಗೆ ಹದಿನೇಳು ದಿನ ‘ಗೈರು’.
ಮೇಡಂ ಅದನ್ನು ನೋಡಿ ಅತ್ತರು, ಸುಳ್ಳು ಹೇಳಬಾರದು.
ತಮ್ಮ ಸಂಬಳದಿಂದ ಎರಡು ಸಾವಿರ ಮಡಚಿ
ಅವಳ ಬ್ಯಾಗಿಗೆ ತುರುಕಿದರು.
ಮನೆಗೆ ಹೋಗಿ ನೋಡಿದವಳು ಮರುದಿನವೇ ವಾಪಸು ತಂದಳು:
‘ನನಗೆ ಬರಬೇಕಾದ್ದು ಬರಲಿ ಮೇಡಂ.
ನಿಮ್ಮದು ನಿಮಗಿರಲಿ.’

ಒಂದು ದಿನ ಆಸ್ಪತ್ರೆ ಬಾಗಿಲಲ್ಲಿ ನಿಲ್ಲಿಸಿ
ನಮ್ಮ ಮೇಲೆ ಹೂ ಸುರಿದರು.
ಗುಡಿಗಳು ಮುಚ್ಚಿ ಮಾರಾಟವಾಗದೆ ಉಳಿದ ಸೇವಂತಿಗೆ,
ಅಂಚು ಕಂದಿತ್ತು. ಬೆಳೆದವನಿಗೆ ಏನು ಕೊಟ್ಟರೋ ಕಾಣೆ.
ಚಪ್ಪಾಳೆ, ಫೋಟೊ, ಒಂದೊಂದು ಪ್ರಮಾಣಪತ್ರ.
ನಾನು ಕಮಲಾಕ್ಷಿ, ಅದರಲ್ಲಿದ್ದದ್ದು ಕಾಮಾಕ್ಷಿ.
‘ಪ್ರಿಂಟಾಗಿಬಿಟ್ಟಿದೆಯಮ್ಮ’ ಅಂದರು.
ಜೀಪುಗಳು ಹೋದ ಮೇಲೆ ಪಿಳ್ಳಮ್ಮ ಪೊರಕೆ ತಂದಳು.
ಹೆಣ ಕಟ್ಟಲಿಕ್ಕೂ ಅವಳೇ, ಹೂ ಗುಡಿಸಲಿಕ್ಕೂ ಅವಳೇ.
ಫೋಟೊದಲ್ಲಿ ಅವಳಿಲ್ಲ.

‘ನಾಳೆಯಿಂದ ಬರುವುದು ಬೇಡ’
ವಾಟ್ಸಾಪಿನಲ್ಲಿ ಬಂತು,
ಪಕ್ಕದಲ್ಲೊಂದು ಕೈ ಮುಗಿದ ಚಿತ್ರ.

ಬಾಕಿ ನಾಲ್ಕು ತಿಂಗಳದ್ದು.
ಕೋಲಾರಕ್ಕೆ ಹನ್ನೊಂದು ಸಲ ಹೋಗಿ ಬಂದೆ.
ಇಲಾಖೆ ಕೊಟ್ಟಿಲ್ಲ ಅನ್ನುತ್ತದೆ ಏಜೆನ್ಸಿ,
ಏಜೆನ್ಸಿಗೆ ಕೊಟ್ಟಾಯ್ತು ಅನ್ನುತ್ತದೆ ಇಲಾಖೆ.
ನಡುವೆ ಒಂದು ಬೆಂಚು, ಕೆಟ್ಟ ಫ್ಯಾನು, ನಾನು.
‘ಕೆಲಸ ಮಾಡಿದ್ದಕ್ಕೆ ದಾಖಲೆ ಏನಮ್ಮ?’
ಸಾರ್, ಈ ತಾಲ್ಲೂಕಿನ ಗಂಟಲುಗಳನ್ನು ಕೇಳಿ.

ಈಗ ಅದೇ ಮಂಡಿಯಲ್ಲಿ ಹಣ್ಣು ಆರಿಸುತ್ತೇನೆ,
ಒಡೆದದ್ದು ಈ ಕಡೆ, ಗಟ್ಟಿ ಆ ಕಡೆ.
ಮೊನ್ನೆ ಧೂಳಿಗೆಂದು ಸೆರಗನ್ನು ಮೂಗಿಗೆ ಸುತ್ತಿದ್ದೆ.
ಬಾಕ್ಸು ಹೊತ್ತ ಚೌಡಪ್ಪ ನಿಂತುಬಿಟ್ಟ:
‘ನೀನು ಮೂಗಿಗೆ ಕಡ್ಡಿ ಹಾಕ್ತಿದ್ದ ಮೇಡಮ್ಮ ಅಲ್ವಾ?’
ಹೊರೆ ಇಳಿಸದೆಯೇ ತಲೆ ಎತ್ತಿ,
ಬಾಯಿ ತೆಗೆದು, ‘ಆ’ ಅಂದ. ನಕ್ಕ.

ಸಂಜೆ ಸಾಹುಕಾರ ಕೂಲಿ ಎಣಿಸಿ ಕೊಟ್ಟ,
ಆ ದಿನದ್ದು ಆ ದಿನವೇ.
ನೋಟಿಗೆ ಟೊಮೊಟೊ ರಸ ಹತ್ತಿತ್ತು.
ಬಸ್ಸಿನಲ್ಲಿ ಕೂತು ಮತ್ತೊಮ್ಮೆ ಎಣಿಸಿ
ಕೋಲಾರದ ಟಿಕೆಟ್ಟಿಗೆ ಬೇರೆ ತೆಗೆದಿಟ್ಟೆ.
ಸೋಮವಾರ, ಹನ್ನೆರಡನೇ ಸಲ.
ತಬಸ್ಸುಮ್ ಬರುತ್ತಾಳೆ.
ಪಿಳ್ಳಮ್ಮನೂ ಬರುತ್ತೇನೆ ಅಂದಿದ್ದಾಳೆ.